ಕರ್ಚೀಫಿನ ಕಾಕಾ

ಕಾಕಾನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕನ್ನಡ ಸಂಘದವರು ನನ್ನ ಬೆನ್ನು ಹತ್ತಿದ್ದಾರೆ. ಅವರ ಸಂಚಿಕೆಗೆ ಬೇಕಂತೆ. ‘ಹಸಿರು ಸಂತ’ ಎಂದು ತಲೆಬರಹವನ್ನೂ ಅವರೇ ಫೋನಿನಲ್ಲಿ ಹೇಳಿಬಿಟ್ಟರು. ಸಂತ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ತುತ್ತು ಇಳಿಯುತ್ತಿಲ್ಲ. ತೀರಿಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಸರಿ, ಆಡದೆ ಇದ್ದೆ. ಆದರೆ ಬರೆ ಎಂದು ಅವರೇ ಗಂಟುಬಿದ್ದ ಮೇಲೆ, ಕಂಡದ್ದನ್ನು ಬಿಟ್ಟು ಬೇರೆ ಏನು ಬರೆಯಲಿ?

ಮೊದಲು ನನ್ನ ಬಗ್ಗೆ ಒಂದು ಮಾತು. ನನಗೆ ಹೇಸಿಗೆ ಬಲು ಬೇಗ ಆಗುತ್ತದೆ. ನಾಂಪಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಇಡೀ ಆಯುಷ್ಯ ಕಳೆದವಳು, ಅಲ್ಲಿಯ ಲೋಟದಲ್ಲಿ ಒಂದು ದಿನವೂ ನೀರು ಕುಡಿದವಳಲ್ಲ. ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಆ ಹೊತ್ತಿನ ಊಟವೇ ಬಂದ್. ಯಾರ ಮನೆಯ ಹಾಲು ಒಡೆದಿದೆ, ಯಾರ ಮನೆಯ ಮೋರಿ ಕಟ್ಟಿದೆ ಎಂದು ಮೆಟ್ಟಿಲು ಹತ್ತುವಾಗಲೇ ಹೇಳಬಲ್ಲೆ. ಇಂಥವಳ ತಲೆಯ ಮೇಲೆಯೇ ಆ ದಂಪತಿ ಇದ್ದರು. ಕಾಚಿಗುಡ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕಟ್ಟಡ. ಎರಡನೆಯ ಮಹಡಿಯಲ್ಲಿ ನಾನು, ಮೂರನೆಯದರಲ್ಲಿ ಕಾಕಾ ಮತ್ತು ಕಾಕು, ಅವರ ಮೇಲೆ ಟೆರೇಸು. ಟೆರೇಸಿನ ತುಂಬ ಆ ತೋಟ.

ಇಬ್ಬರೂ ಬಸವಕಲ್ಯಾಣದ ಕಡೆಯವರು. ನಾನು ಬೀದರಿನವಳು. ಹಾಗಾಗಿ ಬಂದ ಹೊಸದರಲ್ಲೇ ಕಾಕಾ, ಕಾಕು ಎಂದು ಕರೆಯುವ ಸಲುಗೆ ಆಯಿತು. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ತೆಳ್ಳಗಿನ ಎತ್ತರದ ಆಳು, ಹಾಲಿನಂಥ ಬಿಳಿ ಪೈಜಾಮ ಜುಬ್ಬಾ, ಕಿವಿಯ ಸಂದಿಯಲ್ಲಿ ಅತ್ತರು ಹಚ್ಚಿದ ಹತ್ತಿ. ಬಿಸಿಲಿಗೆಂದು ಅಬಿಡ್ಸ್‌ನಿಂದ ತಂದ ಹುಲ್ಲಿನ ಟೊಪ್ಪಿಗೆ. ದನಿಯೋ, ಬೆಲ್ಲದ ಪಾಕ. ಅವರು ಯಾರ ಮೇಲಾದರೂ ಕೂಗಾಡಿದ್ದನ್ನು ನಾನು ಕೇಳಿಲ್ಲ. ಕೈ ಮುಗಿದರೆಂದರೆ ಬೆರಳುಗಳು ಮೊದಲು ಕಣ್ಣಿಗೆ ಬೀಳುತ್ತಿದ್ದವು. ನೀಳವಾದ, ನುಣುಪಾದ, ಅರ್ಧಚಂದ್ರ ಕಾಣುವಂತೆ ಕತ್ತರಿಸಿದ ಉಗುರಿನ ಬೆರಳುಗಳು. ಅಷ್ಟು ದೊಡ್ಡ ತೋಟ ಮಾಡಿದವರ ಉಗುರಿನಲ್ಲಿ ಒಂದು ಕಾಳು ಮಣ್ಣಿಲ್ಲವಲ್ಲ ಎಂದು ಅಚ್ಚರಿಯಾಗಿತ್ತು. ಎಷ್ಟು ಶುಭ್ರ ಮನುಷ್ಯ, ನನ್ನ ಜಾತಿಯವರು ಎಂದು ಸಂತೋಷವೂ ಪಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಅವರ ಪಾಠ ನಡೆಯುತ್ತಿತ್ತು. ಮನೆ ಮೇಲೆ ಕುಂಡ ಇಟ್ಟು ಕೈತೋಟ ಮಾಡುವವರು ಊರಿನ ಮೂಲೆಮೂಲೆಯಿಂದ ಬರುತ್ತಿದ್ದರು. ಕಾಕಾ ಬೆತ್ತದ ಕುರ್ಚಿಯಲ್ಲಿ ಕೂತು ಆಯಾ ತಿಂಗಳಿಗೆ ಏನು ಮಾಡಬೇಕು ಎಂದು ಹೇಳುವರು. ಅರ್ಧ ತೆಲುಗು, ಅರ್ಧ ಹಿಂದಿ, ನಡುವೆ ನಮ್ಮ ಕನ್ನಡ. ಹೇಳುವುದೆಲ್ಲ ಸರಿಯಾಗಿಯೇ ಇರುತ್ತಿತ್ತು, ಅದರಲ್ಲಿ ಸುಳ್ಳಾಡಬಾರದು. ಮೃಗಶಿರಾ ಮಳೆ ಕೂಡಿದರೆ ಬೆಂಡೆ, ಹೀರೆ, ಪುಂಡಿಪಲ್ಲೆ ಹಾಕಿ. ದಾಸವಾಳದ ಕಡ್ಡಿ ಊರಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಶ್ರಾವಣದಲ್ಲಿ ಚೆಂಡುಹೂವಿನ ಸಸಿಯ ತುದಿ ಚಿವುಟಿ, ದಸರೆಗೆ ಗಿಡದ ತುಂಬ ಹೂ. ಕೆಳಗಿನ ಮನೆಯವರ ಬತುಕಮ್ಮ ಹಬ್ಬಕ್ಕೆ ಬುಟ್ಟಿಗಟ್ಟಲೆ ಹೂ ಹೋಗುತ್ತಿದ್ದುದು ಇಲ್ಲಿಂದಲೇ. ದಸರೆ ಮುಗಿದ ಮೇಲೆ ಗುಲಾಬಿಗೆ ಕತ್ತರಿ. ಕಾರ್ತಿಕದಲ್ಲಿ ಮೆಂತೆ, ಕೊತ್ತಂಬರಿ, ಹೂಕೋಸು. ಯುಗಾದಿಯ ಹಿಂದೆಮುಂದೆ ಹಸಿರು ಜಾಳಿಗೆಯ ಚಪ್ಪರ, ಕುಂಡದ ಮೇಲೆ ಒಣ ಎಲೆಯ ಹಾಸು, ಎರಡು ಹೊತ್ತು ನೀರು. ವೈಶಾಖದಲ್ಲಿ ಹಳೆಯ ಮಣ್ಣನ್ನು ಹರವಿ ಬಿಸಿಲಿಗೆ ಸುಡಬೇಕು.

ಒಮ್ಮೆ ಪಾಠಕ್ಕೆ ಬಂದ ಹುಡುಗಿಯೊಬ್ಬಳು, ಇಷ್ಟೆಲ್ಲ ಇದ್ದರೆ ಪುರುಸೊತ್ತು ಯಾವ ತಿಂಗಳು ಎಂದು ಕೇಳಿದಳು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ನಕ್ಕರು. “ತ್ವಾಟಕ್ಕ ರಜಾ ಇಲ್ಲ ತಂಗಿ. ತ್ವಾಟದಾಗ ಕೆಲಸ ಇಲ್ಲದ ತಿಂಗಳ ಅಂತ ದೇವರು ಹುಟ್ಟಿಸೇ ಇಲ್ಲ.” ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅದು ಅವರ ಮುದ್ರೆಯ ಮಾತೇ ಆಗಿಹೋಯಿತು. ತಿಂಗಳು ತಿಂಗಳು ವಾಟ್ಸಾಪಿನಲ್ಲಿ ‘ಈ ತಿಂಗಳ ತೋಟ’ ಎಂದು ಸಂದೇಶ ಬರುತ್ತಿತ್ತು. ಕೊನೆಯ ಸಾಲು ಯಾವಾಗಲೂ ಇದೇ. ಚಪ್ಪಾಳೆ ಬೀಳುವಾಗ ಕಾಕು ಹಿಂದೆ ನೀಲಿ ಡ್ರಮ್ಮಿನ ಹತ್ತಿರ ಇರುತ್ತಿದ್ದರು.

ಆ ಡ್ರಮ್ಮು. ಪಕ್ಕದ ಗಲ್ಲಿಯ ತಬೇಲಾದಿಂದ ಎಮ್ಮೆಯ ಸೆಗಣಿ, ಗಂಜಲ, ಅದಕ್ಕೆ ಬೆಲ್ಲ, ಕಡಲೆಹಿಟ್ಟು, ಇಡೀ ಕಟ್ಟಡದ ಕೊಳೆತ ತರಕಾರಿ, ಬಾಳೆಸಿಪ್ಪೆ, ವಾರಗಟ್ಟಲೆ ಹುಳಿಬಂದ ಮಜ್ಜಿಗೆ. ಎಲ್ಲ ಸೇರಿ ನೊರೆ ಎದ್ದು ಗುಳುಗುಳು ಎನ್ನುವ ಒಂದು ಕರಿಯ ರಾಡಿ. ಮೊದಲ ಸಲ ಟೆರೇಸಿಗೆ ಹೋದ ದಿನವೇ ನಾನು ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡೆ. ಅದನ್ನು ಬಳಿದು ತೊಳೆದವರೂ ಕಾಕುವೇ. ಬಗ್ಗಿ ತೊಳೆಯುತ್ತಿದ್ದ ಅವರನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ಕುಳ್ಳಗಿನ ದುಂಡು ಹೆಂಗಸು, ಕೊರಳಲ್ಲಿ ಲಿಂಗದ ಕರಡಿಗೆ, ಮೊಣಕೈವರೆಗೆ ಒಣಗಿ ಹತ್ತಿದ ಸೆಗಣಿ. ಅಂಗೈ ತುಂಬ ಬಿರುಕು. ಬಿರುಕಿನ ಒಳಗೆಲ್ಲ ಕಪ್ಪು.

ಡ್ರಮ್ಮಿನ ರಾಡಿಯನ್ನು ಕೋಲಿನಿಂದ ತಿರುವಿದರೆ ಸಾಲದು, ಗಂಟು ಒಡೆಯಲು ಕೈ ಹಾಕಿಯೇ ಕಲಸಬೇಕು ಎಂಬುದು ಕಾಕಾನ ಸಿದ್ಧಾಂತ. ಕೈಯ ಬಿಸಿ ತಗುಲಿದರೆ ಗೊಬ್ಬರಕ್ಕೆ ಜೀವ ಬರುತ್ತದಂತೆ. ಭಾನುವಾರದವರ ಎದುರಿಗೂ ಹೀಗೇ ಹೇಳುವರು, “ಕೈ ಹಾಕ್ರಿ, ನಾಚಬ್ಯಾಡ್ರಿ, ಇದು ಭೂಮಿತಾಯಿ ಪ್ರಸಾದ ಐತಿ.” ಹೇಳುವಾಗ ತಾವು ಡ್ರಮ್ಮಿನಿಂದ ಎಷ್ಟು ದೂರ ಇರುತ್ತಾರೆ ಎಂದು ಯಾರೂ ಗಮನಿಸುತ್ತಿರಲಿಲ್ಲ. ನಾನು ಗಮನಿಸುತ್ತಿದ್ದೆ, ಏಕೆಂದರೆ ನಾನೂ ಅಷ್ಟೇ ದೂರ ಇರುತ್ತಿದ್ದೆ. ಭಾನುವಾರದವರು ಇಳಿದುಹೋದ ಮೇಲೆ ಜುಬ್ಬಾದ ಜೇಬಿನಿಂದ ಅತ್ತರಿನ ಬಿಳಿ ಕರ್ಚೀಫು ಹೊರಗೆ ಬರುತ್ತಿತ್ತು. ಅದನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯ ಆ ಚೆಂದದ ಬೆರಳಿನಿಂದ ತೋರಿಸುವರು. “ಹಾಂ, ಅಲ್ಲೊಂದು ಗಂಟ ಐತಿ ನೋಡು. ಇನ್ನಷ್ಟು ಒಳಗ ಕೈ ಹಾಕು.”

ಅವರಿಗೂ ನನ್ನಂತೆಯೇ ಹೇಸಿಗೆ. ಅದರಲ್ಲಿ ತಪ್ಪಿಲ್ಲ. ನನಗೆ ಹೇಸಿಗೆ ಎಂದು ನಾನು ತೋಟ ಮಾಡಲಿಲ್ಲ. ಅವರಿಗೆ ಹೇಸಿಗೆ ಎಂದು ಅವರು ಹೆಂಡತಿಯ ಕೈಯಿಂದ ಮಾಡಿಸಿದರು.

ಮಳೆಗಾಲದಲ್ಲಿ ಕುಂಡದ ಬುಡಕ್ಕೆಲ್ಲ ಬಸವನಹುಳ ಹತ್ತುತ್ತವೆ. ಅವನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಉಪ್ಪುನೀರಿನ ಡಬ್ಬಿಗೆ ಹಾಕುವುದು ಕಾಕುವಿನ ಬೆಳಗಿನ ಕೆಲಸ. ಸಂಕ್ರಾಂತಿಯ ಹೊತ್ತಿಗೆ ಅವರೆಯ ಚಿಗುರಿಗೆ ಕರಿಯ ಸಣ್ಣ ಹುಳ ಮುತ್ತುತ್ತವೆ, ಅವನ್ನು ಹೆಬ್ಬೆರಳಿನಿಂದ ಒರೆಸಿ ಒರೆಸಿ ತೆಗೆಯಬೇಕು. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳ. ನಿಂಬೆಗೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂಬಳಿಹುಳ. ಕಾಕು ಕೈಯಲ್ಲಿಯೇ ಹಿಸುಕಿ ಸೆರಗಿಗೆ ಒರೆಸಿಕೊಳ್ಳುವರು. “ನಮಗ ಮಕ್ಕಳಿಲ್ಲ, ಇವೇ ನಮ್ಮ ಮಕ್ಕಳು” ಎಂದು ಕಾಕಾ ಗದ್ಗದಿತರಾಗುತ್ತಿದ್ದುದು ಆ ಗಿಡಗಳನ್ನು ತೋರಿಸಿಯೇ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮಕ್ಕಳ ಹೇಲು ಉಚ್ಚೆ ಯಾರು ಬಳಿಯುತ್ತಾರೆ ಎಂದು ಒಬ್ಬರಾದರೂ ಕೇಳಬಾರದೇ?

ಇನ್ನು ಮೃಗಶಿರಾ ಮಳೆಯ ವಿಷಯ. ಮಳೆ ಕೂಡುವ ಆ ದಿನ ಇಲ್ಲಿಯ ತೆಲುಗು ಮನೆಗಳಲ್ಲಿ ಮೀನು ತಿನ್ನುವುದು ಪದ್ಧತಿ. ಬೆಳಗಾದರೆ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಕಟ್ಟಡದಲ್ಲಿ ನಾವು ಎರಡು ಮನೆಯವರು ಬಿಟ್ಟರೆ ಉಳಿದವರೆಲ್ಲರ ಮನೆಯಲ್ಲೂ ಅಂದು ಮೀನು. ಮೀನಿನ ತಲೆ, ಕರುಳು, ಕಿವಿರುಗಳನ್ನು ಬೆಲ್ಲದಲ್ಲಿ ಕೊಳೆಹಾಕಿದರೆ ಹೂಗಿಡಕ್ಕೆ ಅದರಂಥ ಟಾನಿಕ್ಕು ಇಲ್ಲ ಎಂದು ಕಾಕಾ ಎಲ್ಲಿಯೋ ಓದಿದರು. ಲಿಂಗಾಯತರ ಮನೆ. ಮೊಟ್ಟೆಯ ಬಣ್ಣ ಕಂಡವರಲ್ಲ. ಆದರೂ ಆ ವರ್ಷದಿಂದ ಮೃಗಶಿರೆಯ ದಿನ ಕಾಕು ಬಕೀಟು ಹಿಡಿದು ಮನೆಮನೆಯ ಬಾಗಿಲಿಗೆ ನಿಂತು ಮೀನಿನ ಕರುಳು ಬೇಡಿ ತರತೊಡಗಿದರು.

ಮೊದಲ ವರ್ಷ ಟೆರೇಸಿನ ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ. ಬಕೀಟಿನೊಳಗೆ ಕೆಂಪು, ಬೂದಿ, ಹಳದಿ ಎಲ್ಲ ಕಲಸಿಕೊಂಡ ಲೋಳೆ. ಮೇಲೆ ನೊಣ. ಕಾಕು ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಎರಡೂ ಕೈಯನ್ನು ಅದರೊಳಗೆ ಹಾಕಿದರು. ಬೆಲ್ಲ ಸೇರಿಸಿ ಹಿಸುಕಬೇಕಿತ್ತು. ಕಾಕಾ ನೀರಿನ ಟಾಕಿಯ ಆಚೆ, ಗಾಳಿ ಬರುವ ದಿಕ್ಕಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೂಗಿಗೆ ಕರ್ಚೀಫು.

“ಇದೊಂದು ಬ್ಯಾಡರಿ,” ಎಂದರು ಕಾಕು. ಅವರು ಗಂಡನಿಗೆ ಬೇಡ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಲಿಂಗಾ ಹಿಡಿಯೂ ಕೈ ಐತಿರಿ ಇದು.”

“ತೊಳಕೊಂಡ್ರ ಹೋಗ್ತದ,” ಎಂದರು ಕಾಕಾ, ಅದೇ ಬೆಲ್ಲದ ದನಿಯಲ್ಲಿ. “ದೇವರಿಗೆ ಹೂ ಬೇಕಲ್ಲ? ಹೂ ಎಲ್ಲಿಂದ ಬರ್ತಾವ?”

ತೊಳೆದುಕೊಂಡರೆ ಹೋಗುತ್ತಿರಲಿಲ್ಲ. ಮನೆಯ ಬಚ್ಚಲಿಗೆ ವಾಸನೆ ಹತ್ತುತ್ತದೆ ಎಂದು ಕಾಕಾ ಅವರನ್ನು ಟೆರೇಸಿನ ನಲ್ಲಿಯಲ್ಲೇ ತೊಳೆಯಲು ಹೇಳುತ್ತಿದ್ದರು. ಕಾಕು ಕಡಲೆಹಿಟ್ಟು ಹಚ್ಚಿ ತಿಕ್ಕುವರು, ಹುಣಸೆಹಣ್ಣು ಹಚ್ಚಿ ತಿಕ್ಕುವರು, ನಿಂಬೆಸಿಪ್ಪೆ ಹಚ್ಚಿ ತಿಕ್ಕುವರು. ಬಿರುಕಿನೊಳಗೆ ಹುಳಿ ಇಳಿದು ಎಷ್ಟು ಉರಿದಿರಬೇಡ. ಆಮೇಲೆ ಒದ್ದೆ ಸೆರಗಿನಲ್ಲೇ ನನ್ನ ಬಾಗಿಲಿಗೆ ಬಂದು ಎಡ ಅಂಗೈ ಮುಂದೆ ಚಾಚುವರು. ಲಿಂಗ ಇಟ್ಟುಕೊಳ್ಳುವುದು ಆ ಅಂಗೈಯ ಮೇಲೆ.

“ವಾಸನಿ ಹೋತೇನ ನೋಡ ಯವ್ವಾ. ನಿನ್ನ ಮೂಗ ಭಾಳ ಚುರುಕ ಐತಿ.”

ಮೂಗಿನ ವಿಷಯದಲ್ಲಿ ನನಗೆ ಸುಳ್ಳು ಬರುವುದಿಲ್ಲ. “ಇನ್ನೂ ಐತ್ರಿ ಕಾಕು,” ಎನ್ನುತ್ತಿದ್ದೆ. ಅವರು ಮತ್ತೆ ಮೇಲೆ ಹತ್ತಿ ಹೋಗಿ ತಿಕ್ಕಿಕೊಂಡು ಬರುವರು. ಪೂಜೆಯಾಗುವವರೆಗೆ ಅವರು ಉಣ್ಣುತ್ತಿರಲಿಲ್ಲ. ಕಾಕಾ ಮಾತ್ರ ಹೊತ್ತಿಗೆ ಸರಿಯಾಗಿ ಸ್ನಾನ ಮುಗಿಸಿ, ಆ ತೋಟದ ಮಲ್ಲಿಗೆಯನ್ನೇ ಲಿಂಗಕ್ಕೆ ಏರಿಸಿ, ಪೂಜೆ ಮಾಡಿ, ಬಿಸಿ ರೊಟ್ಟಿ ತಿಂದಿರುತ್ತಿದ್ದರು. ಕೋಠಿಯ ಔಷಧದ ಅಂಗಡಿಯಿಂದ ನಾನು ಕೈಗೆ ಮುಲಾಮು ತಂದುಕೊಟ್ಟೆ, ರಬ್ಬರಿನ ಗವಸೂ ತಂದುಕೊಟ್ಟೆ. ಗವಸು ನೋಡಿ ಕಾಕಾ ಮರುಕದಿಂದ ತಲೆಯಾಡಿಸಿದರು. ಗವಸು ಹಾಕಿಕೊಂಡರೆ ಕೈಯ ಬಿಸಿ ಗೊಬ್ಬರಕ್ಕೆ ಹತ್ತುವುದಿಲ್ಲವಲ್ಲ. ಅವು ಅಲ್ಲೇ ಗೂಟಕ್ಕೆ ತೂಗಿ ಬಿಸಿಲಿಗೆ ಹರಿದುಹೋದವು.

ಇಷ್ಟೆಲ್ಲದರ ನಡುವೆ ಕಾಕು ಬೇಡುತ್ತಿದ್ದುದು ಒಂದೇ. ಬಸವಕಲ್ಯಾಣದಲ್ಲಿ ಅವರ ಅಕ್ಕ ಇದ್ದರು. ತಾಯಿ ಬೇಗ ಹೋಗಿ, ಆ ಅಕ್ಕನೇ ಎತ್ತಿ ಬೆಳೆಸಿದ್ದು. ವಯಸ್ಸಾಗಿ ಕಿವಿ ಪೂರ್ತಿ ಹೋಗಿತ್ತು. “ಫೋನಿನ್ಯಾಗ ಏನ ಮಾತಾಡ್ಲಿ ಯವ್ವಾ, ಆಕಿಗೆ ಕೇಳಂಗಿಲ್ಲ. ಎದುರ ಕುಂದರಬೇಕು, ಮಾರಿ ನೋಡಬೇಕು, ಕೈ ಹಿಡೀಬೇಕು. ಒಂದ ತಿಂಗಳ ಆಕಿ ಕೂಡ ಇದ್ದ ಬರ್ತೀನಿ ಅಂತ ಭಾಳ ದಿನದಿಂದ ಅನ್ನಾಕತ್ತೀನಿ.” ಇಮ್ಲಿಬನ್ನಿನಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊರು. ದೇಶ ದಾಟಬೇಕಿರಲಿಲ್ಲ.

ಕಾಕಾ ಎಂದೂ ಬೇಡ ಎನ್ನಲಿಲ್ಲ. ಅದೇ ನನ್ನ ಮೈ ಉರಿಸುವುದು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಅವರು ಬರೇ ತಿಂಗಳು ಹೇಳುತ್ತಿದ್ದರು. ಸಂಕ್ರಾಂತಿಗೆ ಹೋಗಲೇ ಎಂದರೆ, ಹೋಗು, ಆದರ ಅವರಿ ಬಳ್ಳಿಗೆ ಹುಳ ಹತ್ಯಾವಲ್ಲ. ಶಿವರಾತ್ರಿಗೆ? ಬ್ಯಾಸಗಿ ಬಳ್ಳಿ ಬೀಜ ಹಾಕೂ ಹೊತ್ತು. ಯುಗಾದಿಗೆ? ಜಾಳಿಗಿ ಕಟ್ಟಬೇಕು. ಮಳೆಗಾಲಕ್ಕೆ ಕುಂಡದ ನೀರು ಹರಿಸುವುದು, ಶ್ರಾವಣಕ್ಕೆ ಚೆಂಡುಹೂ, ದಸರೆಗೆ ಗುಲಾಬಿ, ಚಳಿಗೆ ಸೇವಂತಿಗೆ. ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗಿ ಹೊಸ ಗುಲಾಬಿ ಸಸಿಗಳನ್ನು ತಂದು ಇಳಿಸುವರು, ಅವು ಬೇರೂರುವ ತನಕ ಕಾಕು ಅಲುಗುವಂತಿಲ್ಲ. ಹನ್ನೆರಡು ತಿಂಗಳನ್ನೂ ಒಂದರ ಕೊರಳಿಗೆ ಒಂದು ಹೊಲಿದು ಆ ಹೆಂಗಸಿನ ಸುತ್ತ ಬೇಲಿ ಹಾಕಿದ್ದರು. ಚಪ್ಪಾಳೆ ತಟ್ಟಿದವರು ಆ ಬೇಲಿಗೇ ತಟ್ಟಿದ್ದು.

“ಕಾಕು ಹೋಗಿ ಬರ್ಲಿ ಬಿಡ್ರಿ, ನೀರ ನಾ ಹಾಕ್ತೀನಿ,” ಎಂದು ಒಂದು ದಿನ ನಾನೇ ಹೇಳಿದೆ. ನೀರಿಗೇನು ಹೇಸಿಗೆ?

ಕಾಕಾ ನನ್ನ ಕಡೆ ಪ್ರೀತಿಯಿಂದಲೇ ನೋಡಿದರು. “ನೀ ಅಂದಿದ್ದ ದೊಡ್ಡದು ತಂಗಿ. ಆದ್ರ ಗಿಡಕ್ಕ ಆಕಿ ಕೈ ಗುರ್ತ ಐತಿ. ಬ್ಯಾರೆ ಕೈ ಅದಕ್ಕ ಆಗಂಗಿಲ್ಲ.”

ಅಕ್ಕನಿಗೂ ಆ ಕೈಯ ಗುರುತು ಇರಬಹುದಲ್ಲರಿ ಎಂದೆ. ಅವರು ನಕ್ಕು, ನನಗೆ ಒಂದು ಬುಟ್ಟಿ ಟೊಮ್ಯಾಟೊ ಕೊಡಲು ಕಾಕುವಿಗೆ ಹೇಳಿದರು. ಆ ಟೊಮ್ಯಾಟೊ ನನಗೆ ಬಾಯಿಗಿಡಲಾಗಲಿಲ್ಲ, ಕೆಳಗಿನ ಮನೆಗೆ ಕೊಟ್ಟೆ.

ಹೋದ ವರ್ಷ ಯುಗಾದಿಯ ನಂತರದ ಬಿಸಿಲಲ್ಲಿ, ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದರೆಂದು ಊರಿನಿಂದ ಸುದ್ದಿ ಬಂತು. ಅಂದು ಕಾಕು ತಿಂಗಳು ಕೇಳಲಿಲ್ಲ. ಮುಂಜಾನೆ ಗಿಡಗಳಿಗೆಲ್ಲ ನೀರು ಹಾಕಿ, ಗಂಡನ ಊಟಕ್ಕೆ ಮಾಡಿಟ್ಟು, “ಸಂಜಿ ನೀರಿಗೆ ಹೊಳ್ಳಿ ಬರ್ತೀನಿ, ಮಧ್ಯಾಹ್ನ ಒಂದೀಟ ಸೌತಿಬಳ್ಳಿಗೆ ನೀರ ಬಿಡ್ರಿ” ಎಂದು ಹೇಳಿ ಮೊದಲ ಬಸ್ಸಿಗೆ ಹೋದರು. ಮಧ್ಯಾಹ್ನ ಒಗೆದ ಬಟ್ಟೆ ತರಲು ನಾನು ಟೆರೇಸಿಗೆ ಹೋದೆ. ಕಾಲಿಟ್ಟರೆ ಸುಡುವ ಬಿಸಿಲು. ಕಾಕಾ ಜಾಳಿಗೆಯ ನೆರಳಲ್ಲಿ ಪೇಪರು ಓದುತ್ತ ಕೂತಿದ್ದರು. ಅವರ ಕಾಲ ಹತ್ತಿರವೇ ನೀರಿನ ಪೈಪು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಎದುರಿಗೆ ಸೌತೆಯ ಬಳ್ಳಿ ಹೆಗಲು ಬಿಟ್ಟು ಜೋಲುತ್ತಿತ್ತು. ಬದನೆಯ ಸಸಿಗಳು ಮಲಗಿಬಿಟ್ಟಿದ್ದವು.

ನಲ್ಲಿ ತಿರುವಲು ನಾನು ಕೈ ಹಾಕಿದೆ. ಕಾಕಾ ಪೇಪರು ಇಳಿಸದೆಯೇ ಹೇಳಿದರು, “ಬ್ಯಾಡ ತಂಗಿ. ಇರ್ಲಿ. ಆಕಿ ಬಂದ ನೋಡ್ಲಿ.”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ಡ್ರಮ್ಮಿನ ಮುಚ್ಚಳ ತೆರೆದಾಗಲೂ ಆಗದಂಥ ಹೇಸಿಗೆ ಆಯಿತು. ಆ ಮನುಷ್ಯ ತಾನೇ ಮಕ್ಕಳು ಎಂದು ಕರೆದ ಗಿಡಗಳನ್ನು, ನೀರು ಕೈಯಳತೆಯಲ್ಲಿರುವಾಗ, ಬೇಕೆಂದೇ ಬಿಸಿಲಿಗೆ ಬಾಡಿಸುತ್ತಿದ್ದ. ಹೆಂಡತಿಗೆ ತೋರಿಸಲಿಕ್ಕೆ. ಇಷ್ಟು ಹೊತ್ತೂ ‘ಅವರು’ ಎಂದೇ ಬರೆದುಕೊಂಡು ಬಂದೆ, ಈ ಒಂದು ವಾಕ್ಯದಲ್ಲಿ ಆಗಲಿಲ್ಲ. ನಾನು ನಲ್ಲಿ ತಿರುವಿಯೇ ಬಿಟ್ಟೆ. ಅವರು ಎದ್ದು ಬಂದು ಆ ನೀಳ ಬೆರಳುಗಳಿಂದ ಅದನ್ನು ಬಂದ್ ಮಾಡಿ ನಲ್ಲಿಯ ಹಿಡಿಕೆಯನ್ನೇ ಕಳಚಿ ಜೇಬಿಗೆ ಹಾಕಿಕೊಂಡರು. ಅವರು ತೋಟದಲ್ಲಿ ತಮ್ಮ ಕೈಯಾರೆ ಮಾಡಿದ, ನಾನು ಕಂಡ ಕೆಲಸ ಅದೊಂದೇ.

ಸಂಜೆ ಕಾಕು ಬಂದರು. ಅಕ್ಕನ ಹತ್ತಿರ ಕೂತದ್ದು ಒಂದು ಊಟದ ಹೊತ್ತು. ಸೀದಾ ಮೇಲೆ ಹತ್ತಿ ಹೋದರು, ನಾನೂ ಹಿಂದೆ ಹೋದೆ. ಕಾಕಾ ಬೈಯಲಿಲ್ಲ. ಬಾಡಿ ಸುರುಟಿದ ಒಂದು ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ನೀ ಹೋದಿ, ಇವೂ ಹೊಂಟಾವ ನೋಡು,” ಎಂದರು ಅಷ್ಟೇ. ಕಾಕು ನಲ್ಲಿಯ ಕಡೆ ನೋಡಿದರು. ಹಿಡಿಕೆ ಇರಲಿಲ್ಲ. ಗಂಡನ ಜೇಬಿನ ಉಬ್ಬು ನೋಡಿದರು. ಆಮೇಲೆ ಕೆಳಗಿಳಿದು ಅಡುಗೆಮನೆಯಿಂದ ಕೊಡಗಟ್ಟಲೆ ನೀರು ಹೊತ್ತು ತಂದು ಹಾಕತೊಡಗಿದರು. ನಾನೂ ನಾಲ್ಕು ಕೊಡ ತಂದೆ. ಕೆಲವು ಗಿಡ ಉಳಿದವು, ಕೆಲವು ಹೋದವು. ಮುಂದಿನ ಭಾನುವಾರ ಕಾಕಾ ಪಾಠದಲ್ಲಿ, ಬೇಸಿಗೆಯಲ್ಲಿ ಒಂದು ದಿನದ ನಿರ್ಲಕ್ಷ್ಯ ಎಂಥ ಅನಾಹುತ ಮಾಡುತ್ತದೆ ಎಂದು ಆ ಒಣಬಳ್ಳಿಯನ್ನೇ ತೋರಿಸಿ ಹೇಳಿದರು. ಎಲ್ಲರೂ ಕಾಕುವಿನ ಕಡೆ ತಿರುಗಿ ನೋಡಿದರು. ಅವರು ಡ್ರಮ್ಮಿನೊಳಗೆ ಕೈ ಹಾಕಿ ಗಂಟು ಒಡೆಯುತ್ತಿದ್ದರು.

ಅದಾದ ಮೇಲೆ ಕಾಕು ಊರಿನ ಮಾತು ಎತ್ತಲಿಲ್ಲ.

ಈ ವರ್ಷ ಬೇಸಿಗೆಯ ಕೊನೆಗೆ ಕಾಕಾ ನಿದ್ದೆಯಲ್ಲೇ ಹೋದರು. ಶಿವಗಣಾರಾಧನೆ ಮುಗಿಯಿತು. ಭಾನುವಾರದವರೆಲ್ಲ ಸೇರಿ ಟೆರೇಸಿನಲ್ಲೇ ಸಂತಾಪ ಸಭೆ ಇಟ್ಟರು. ಮೃಗಶಿರಾ ಮಳೆ ಕೂಡುವ ದಿನವೂ ಅಂದೇ ಬಂತು. ರಾತ್ರಿ ಒಂದು ಮಳೆ ಬಿದ್ದು ಕುಂಡದ ಮಣ್ಣೆಲ್ಲ ಹಸಿಯಾಗಿತ್ತು. ಬೆತ್ತದ ಕುರ್ಚಿಯ ಮೇಲೆ ಫೋಟೋ, ಅದಕ್ಕೆ ಅದೇ ತೋಟದ ಮಲ್ಲಿಗೆಯ ಹಾರ. ಒಬ್ಬೊಬ್ಬರೂ ಎದ್ದು ನಿಂತು ಕಾಕಾನ ಕೈಗುಣ ಹೊಗಳಿದರು. ಕೈಗುಣ! ಕಾಕು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಕೈ ಎರಡೂ ಸೆರಗಿನೊಳಗೆ.

ಕೊನೆಗೆ ನಮ್ಮ ಕಟ್ಟಡದ ಸೆಕ್ರೆಟರಿ ಎದ್ದರು. ತೆಲುಗಿನವರು, ಒಳ್ಳೆಯ ಮನುಷ್ಯ, ಕಾಕಾನ ದೊಡ್ಡ ಭಕ್ತ. ಇನ್ನು ಮುಂದೆ ಇದು ಕಾಕಾನ ನೆನಪಿನ ತೋಟ, ಅಮ್ಮನವರು ಇದನ್ನು ಹೀಗೇ ನಡೆಸಿಕೊಂಡು ಹೋಗುತ್ತಾರೆ ಎಂದು ಸಾರಿದರು. ಚಪ್ಪಾಳೆ. ಗುರುಗಳ ಸಂಪ್ರದಾಯ ತಪ್ಪಬಾರದೆಂದು ಬೆಳಿಗ್ಗೆ ತಮ್ಮ ಮನೆಯ ಮೀನಿನ ತಲೆ ಕರುಳೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದು ಡ್ರಮ್ಮಿನ ಪಕ್ಕ ಇಟ್ಟಿದ್ದರು. ಅದನ್ನೂ ಭಕ್ತಿಯಿಂದ ತೋರಿಸಿದರು. ಆಮೇಲೆ ಕಾಕುವಿನ ಕಡೆ ತಿರುಗಿ ಕೈ ಮುಗಿದು, “ಅಮ್ಮಾ, ಮಿರ್ಗದ ಮಳೆ ಬಂತು. ಈ ತಿಂಗಳು ತೋಟದಲ್ಲಿ ಏನೇನು ಕೆಲಸ, ನಿಮ್ಮ ಬಾಯಿಂದಲೇ ಹೇಳಿ,” ಎಂದರು.

ಕಾಕು ಎದ್ದು ನಿಂತರು. ಫೋಟೋದ ಕಡೆ ನೋಡಲಿಲ್ಲ. ಚೀಲದ ಕಡೆ ನೋಡಲಿಲ್ಲ.

“ಈ ತಿಂಗಳ ತ್ವಾಟದಾಗ ಏನೂ ಕೆಲಸ ಇಲ್ರಿ,” ಎಂದರು. “ನಾ ನಮ್ಮ ಅಕ್ಕನ ಕಡೆ ಹೊಂಟೀನಿ.”

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಾಪ, ದುಃಖದಲ್ಲಿ ಏನೋ ಆಡಿದರು ಎಂದಿತು ಒಂದು ದನಿ. ನಾನು ಅವರ ಹಿಂದೆಯೇ ಇಳಿದೆ. ಒಳಗೆ ಕಾಕುವಿನ ಚೀಲ ಆಗಲೇ ತಯಾರಾಗಿ ಬಾಗಿಲ ಹಿಂದೆ ಕೂತಿತ್ತು.

ಆಟೋ ಮಾಡಿಕೊಂಡು ಇಮ್ಲಿಬನ್ನಿಗೆ ಹೋದೆವು. ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಬಿಡಲು ಇನ್ನೂ ಹೊತ್ತಿತ್ತು. ಕಾಕು ಕಿಟಕಿಯಿಂದ ಎಡಗೈ ಹೊರಗೆ ಚಾಚಿದರು.

“ವಾಸನಿ ಹೋತೇನ ನೋಡ ಯವ್ವಾ.”

ನಾನು ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಹಚ್ಚಿಕೊಂಡೆ. ಡ್ರಮ್ಮು ಮುಟ್ಟದೆ ಎರಡು ವಾರ ಆಗಿತ್ತು. ಬಿರುಕುಗಳು ಕೂಡಿಕೊಳ್ಳುತ್ತಿದ್ದವು. “ಬರೇ ಸಬಕಾರದ ವಾಸನಿ ಐತ್ರಿ ಕಾಕು,” ಎಂದೆ. ಅದು ಸತ್ಯವಾಗಿತ್ತು. ಅವರಿಗೆ ನಂಬಿಕೆ ಬರಲಿಲ್ಲ, ತಾವೂ ಮೂಸಿ ನೋಡಿಕೊಂಡರು. ಮತ್ತೊಮ್ಮೆ ಮೂಸಿದರು. “ಹೌದಲ್ಲ” ಎಂದು ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅಂದೇ.

ಬಸ್ಸು ಹೊರಟು ಮೂಲೆ ತಿರುಗಿತು. ಅಷ್ಟರಲ್ಲಿ ಸೆಕ್ರೆಟರಿಯ ಫೋನು. ಬಿಸಿಲು ಏರಿದೆ, ಮೀನಿನ ಚೀಲ ಒಡೆದು ಟೆರೇಸೆಲ್ಲ ಹರಡಿದೆ, ವಾಸನೆಗೆ ಜನ ಊಟ ಬಿಟ್ಟು ಎದ್ದು ಹೋಗುತ್ತಿದ್ದಾರೆ, ಅದನ್ನು ಬಳಿದು ಡ್ರಮ್ಮಿಗೆ ಹಾಕಲು ಯಾರೂ ಕೈ ಹಚ್ಚುತ್ತಿಲ್ಲ, ತಮಗೂ ಆಗುತ್ತಿಲ್ಲ, ಏನು ಮಾಡಲಿ ಮೇಡಂ ಎಂದು ತೆಲುಗಿನಲ್ಲಿ ಒಂದೇ ಸಮ ಗೋಳಾಡಿದರು.

“ಮೂಗಿಗೆ ಒಂದು ಕರ್ಚೀಫು ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಕೊಳ್ಳಿ,” ಎಂದೆ. “ನಿಮ್ಮ ಕಾಕಾ ಹಾಗೇ ಮಾಡುತ್ತಿದ್ದರು.”